ವರ್ಷಗಟ್ಟಲೆ ಬಿಡದ ಸೊಂಟ ನೋವು: ಮಾತ್ರೆಯೋ, ಫಿಸಿಯೋನೋ, ಆಯುರ್ವೇದವೋ, ಆಪರೇಷನ್ನೋ?

ಈ ಸಲ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಸಕಲೇಶಪುರದ ಕಡೆಯ ಶಾಲಾ ಮೇಡಂ. ನಾಲ್ಕು ವರ್ಷದ ಸೊಂಟ ನೋವು, ಸಂಬಳ ಇದೆ, ರಜೆ ಇಲ್ಲ. ಇನ್ನೊಬ್ಬ ನಮ್ಮ ಪಕ್ಕದ ಎಸ್ಟೇಟಿನ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಹುಡುಗ. ಅವನ ಅಪ್ಪ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದಿದ್ದರು, ಆಮೇಲೆ ಶುರುವಾದ ನೋವು ಈಗ ಕಾಲಿಗೂ ಇಳಿದಿದೆ. ಮೂರನೆಯವಳು ನನ್ನ ಚಿಕ್ಕಮ್ಮನ ಮಗಳು, ಹಾಸನದಲ್ಲಿ ಬಟ್ಟೆ ಹೊಲಿಯುತ್ತಾಳೆ, ದಿನಕ್ಕೆ ಎಂಟು ಗಂಟೆ ಮಿಷನ್ ಮುಂದೆ. "ಅಕ್ಕ, ನೀನು ಎಲ್ಲಾ ಮಾಡಿ ನೋಡಿದ್ದೀಯಲ್ಲ, ನಾನು ಯಾವುದಕ್ಕೆ ಹೋಗ್ಲಿ ಹೇಳು" ಅಂದಳು.

ಎಲ್ಲಾ ಮಾಡಿ ನೋಡಿದ್ದು ನಿಜ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮದು ಸಣ್ಣ ತೋಟ, ಏಳು ವರ್ಷದ ಹಿಂದೆ ಕಣದಿಂದ ಮೂಟೆ ಎತ್ತುವಾಗ ಹಿಡಿದ ಸೊಂಟ ಇನ್ನೂ ಪೂರ್ತಿ ಬಿಟ್ಟಿಲ್ಲ. ನಾನು ಡಾಕ್ಟರ್ ಅಲ್ಲ. ಆದರೆ ದುಡ್ಡು, ದಿನ, ಬಸ್ಸು ಎಲ್ಲ ಲೆಕ್ಕ ಹಾಕಿ ಯಾವುದು ಯಾರಿಗೆ ಆಗಿಬರುತ್ತದೆ ಅಂತ ಹೇಳಬಲ್ಲೆ.

ಮೊದಲು ಒಂದು ಜರಡಿ. ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ತೊಡೆ ಸಂದಿ ಕುಂಡಿಯ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿಹೋಗುತ್ತಿದ್ದರೆ, ಯಾವುದನ್ನೂ ಹೋಲಿಸುತ್ತಾ ಕೂರಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರ, ಸುಮ್ನೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ತಡ ಮಾಡಬಾರದು. ನಮ್ಮಲ್ಲಿ ಬೆನ್ನುಮೂಳೆಯ ಟಿಬಿ ಇನ್ನೂ ಇದೆ. ವಯಸ್ಸು ನಲವತ್ತರ ಒಳಗಿದ್ದು, ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬೆನ್ನು ಸೆಟೆದು, ಓಡಾಡಿದರೆ ಸಡಿಲ ಆಗುವಂಥದ್ದಾದರೆ ಅದು ವಾತದ ಬೇರೆ ಕಾಯಿಲೆ ಇರಬಹುದು, ಅದಕ್ಕೆ ಬೇರೆಯೇ ಔಷಧಿ ಇದೆ. ಇಲ್ಲಿ ಬರೆಯುತ್ತಿರುವುದು ಇವು ಯಾವುವೂ ಇಲ್ಲದೆ ಮೂರು ತಿಂಗಳು ದಾಟಿದ ನೋವಿನ ಬಗ್ಗೆ.

ಮೂರು ತಿಂಗಳು ದಾಟಿದ್ದನ್ನೇ ಡಾಕ್ಟರುಗಳು ದೀರ್ಘಕಾಲದ ನೋವು ಅನ್ನುವುದು. ಅಷ್ಟು ಹೊತ್ತಿಗೆ ಮೊದಲಿನ ಪೆಟ್ಟು ಸಾಮಾನ್ಯವಾಗಿ ಮಾಯ್ದಿರುತ್ತದೆ, ನರಗಳು ಮಾತ್ರ ಸುಮ್ಮನಾಗಿರುವುದಿಲ್ಲ. ಆನೆ ತೋಟ ದಾಟಿ ಹೋಗಿ ಎರಡು ಗಂಟೆ ಆದರೂ ಲೈನಿನ ನಾಯಿಗಳು ಬೊಗಳುತ್ತಲೇ ಇರುತ್ತವಲ್ಲ, ಹಾಗೆ. ಇದು ತಲೆಗೆ ಹತ್ತಲು ನನಗೆ ಮೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ ನಾನು ಆನೆಯನ್ನೇ ಹುಡುಕುತ್ತಿದ್ದೆ, ಅಂದರೆ ಸ್ಕ್ಯಾನ್ ಮೇಲೆ ಸ್ಕ್ಯಾನ್.

ಸ್ಕ್ಯಾನಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಎಂಆರ್‌ಐ ರಿಪೋರ್ಟಿನಲ್ಲಿ "ಡಿಸ್ಕ್ ಉಬ್ಬಿದೆ" ಅಂತ ಓದಿದ ದಿನ ನಾನು ಊಟ ಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟು ಹಾಕಿ 2015ರಲ್ಲಿ ಒಂದು ಲೆಕ್ಕ ಬಂದಿತ್ತು. ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 30 ಜನರಿಗೆ, ನಲವತ್ತರವರಲ್ಲಿ 50 ಜನರಿಗೆ, ಎಂಬತ್ತರವರಲ್ಲಿ 84 ಜನರಿಗೆ ಡಿಸ್ಕ್ ಉಬ್ಬಿತ್ತು. ಯಾರಿಗೂ ನೋವಿಲ್ಲ! ತಲೆಕೂದಲು ನೆರೆಯುವ ಹಾಗೆ ಅದೂ ಒಂದು. ಕಾಲಿನ ಶಕ್ತಿ ಕಡಿಮೆ ಆಗುತ್ತಿದ್ದರೆ, ಬೇರೆ ಕಾಯಿಲೆಯ ಅನುಮಾನ ಇದ್ದರೆ, ಆಪರೇಷನ್ ಯೋಚನೆ ಇದ್ದರೆ ಸ್ಕ್ಯಾನ್ ಬೇಕು. "ಒಂದ್ಸಲ ನೋಡೇಬಿಡೋಣ" ಅಂತ ಮಾಡಿಸುವ ದುಡ್ಡಿಗೆ ಮೂರು ತಿಂಗಳ ಫಿಸಿಯೋ ಬರುತ್ತದೆ.

ಇನ್ನು ಅಳತೆಗೋಲು. "ನೋವು ಪೂರ್ತಿ ಹೋಗುತ್ತಾ" ಅನ್ನುವ ಪ್ರಶ್ನೆಯನ್ನು ನಾನು ಕೈಬಿಟ್ಟಿದ್ದೇನೆ, ಯಾಕೆಂದರೆ ಅದಕ್ಕೆ ಹೌದು ಅಂದವರೆಲ್ಲ ನನ್ನಿಂದ ದುಡ್ಡು ತೆಗೆದುಕೊಂಡವರೇ. ಈಗ ಕೇಳುವುದು ಇಷ್ಟು. ಇದರಿಂದ ನನ್ನ ಯಾವ ಕೆಲಸ ವಾಪಸ್ ಬರುತ್ತದೆ? ನೋವಿಗೆ ಹತ್ತರಲ್ಲಿ ಎಷ್ಟು ಅಂತ ಅಂಕ ಕೊಡುವುದು ನನಗೆ ಬರಲಿಲ್ಲ, ಬೆಳಗ್ಗೆ ಏಳು ಅಂದರೆ ಸಂಜೆ ನಾಲ್ಕು. ಆದರೆ ತೂಕದ ಕೊಕ್ಕೆ ಸುಳ್ಳು ಹೇಳುವುದಿಲ್ಲ. ಮೊದಲು ದಿನಕ್ಕೆ 50 ಕೆಜಿ ಅರೇಬಿಕಾ ಹಣ್ಣು ಕುಯ್ಯುತ್ತಿದ್ದವಳು ನೋವು ಬಂದ ವರ್ಷ 15ಕ್ಕೆ ಇಳಿದಿದ್ದೆ, ಈಗ 40ರ ಹತ್ತಿರ ಇದ್ದೇನೆ. ನನ್ನ ಅಳತೆ ಅದು. ನಿಮ್ಮದು ಬೋರ್ಡ್ ಮೇಲೆ ಎಷ್ಟು ಹೊತ್ತು ನಿಂತು ಬರೆಯುತ್ತೀರಿ ಅನ್ನುವುದಿರಬಹುದು, ಎಷ್ಟು ರವಿಕೆ ಹೊಲಿಯುತ್ತೀರಿ ಅನ್ನುವುದಿರಬಹುದು. ಎರಡನೆಯದು, ಮೂರು ತಿಂಗಳಿಗೆ ಒಟ್ಟು ಖರ್ಚು ಎಷ್ಟು, ಹೋದ ಕೂಲಿಯನ್ನೂ ಸೇರಿಸಿ. ಮೂರನೆಯದು, ಮಳೆಗಾಲದಲ್ಲೂ ಮುಂದುವರಿಸಲು ಆಗುತ್ತದಾ. ಜುಲೈನಲ್ಲಿ ರಸ್ತೆಗೆ ಮರ ಬಿದ್ದರೆ ಚಿಕ್ಕಮಗಳೂರಿಗೆ ವಾರಕ್ಕೆ ಮೂರು ಸಲ ಹೋಗುವ ಚಿಕಿತ್ಸೆ ಅಲ್ಲಿಗೇ ನಿಂತಿತು. ಕೊನೆಯದು, ಕೆಟ್ಟರೆ ಎಷ್ಟು ಕೆಡುತ್ತದೆ.

ಮಾತ್ರೆಯಿಂದ ಶುರು ಮಾಡುತ್ತೇನೆ, ಎಲ್ಲರೂ ಶುರು ಮಾಡುವುದೂ ಅಲ್ಲಿಂದಲೇ ಅಲ್ವಾ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಎಲ್ಲ ಒಂದೇ ಮನೆಯವು. ನೋವು ಕೆರಳಿದ ನಾಲ್ಕು ದಿನಕ್ಕೆ ಸರಿ, ಜನೌಷಧಿ ಅಂಗಡಿಯಲ್ಲಿ ತೀರಾ ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ, ಬಿಪಿ, ಹೃದಯಕ್ಕೂ ತೊಂದರೆ. ಶುಗರ್, ಬಿಪಿ ಇದ್ದವರಿಗೆ ಇನ್ನೂ ಜಾಸ್ತಿ. ನಾನು ಮಾಡಿದ ತಪ್ಪು ಹೇಳುತ್ತೇನೆ: ಡಾಕ್ಟರ್ ಬರೆದ ಒಂದು ಮಾತ್ರೆ, ಅಂಗಡಿಯವರು ಕೊಟ್ಟ ಇನ್ನೊಂದು, ಎರಡೂ ಬೇರೆ ಬೇರೆ ಹೆಸರು ಅಂತ ಒಟ್ಟಿಗೆ ತಿಂದೆ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಇದ್ದದ್ದು ಅದೇ ಡೈಕ್ಲೋಫೆನಾಕ್. ಮೂರನೇ ವಾರ ಹೊಟ್ಟೆ ಉರಿ ತಡೆಯಲಾಗದೆ ಆಸ್ಪತ್ರೆಗೆ ಹೋದೆ.

ನರದ ನೋವು, ಅಂದರೆ ಕಾಲಿಗೆ ಕರೆಂಟ್ ಹೊಡೆದಂತೆ ಇಳಿಯುವುದು, ಉರಿಯುವುದು ಇದ್ದರೆ ಅಮಿಟ್ರಿಪ್ಟಿಲಿನ್, ಪ್ರೆಗಬಾಲಿನ್ ಥರದವು ಬರೆಯುತ್ತಾರೆ. ಮೊದಲನೆಯದನ್ನು ಫೋನಿನಲ್ಲಿ ಹುಡುಕಿ "ನನಗೇನು ತಲೆ ಕೆಟ್ಟಿದೆಯಾ, ಇದು ಖಿನ್ನತೆಗೆ ಕೊಡೋದು" ಅಂತ ಎಸೆದವರನ್ನು ಕಂಡಿದ್ದೇನೆ. ಕಡಿಮೆ ಪ್ರಮಾಣದಲ್ಲಿ ಅದನ್ನು ನರದ ನೋವಿಗೂ ಕೊಡುತ್ತಾರೆ, ನಿದ್ದೆಯೂ ಬರುತ್ತದೆ. ಪ್ರೆಗಬಾಲಿನ್ ಎಲ್ಲರಿಗೂ ಕೇಳುವುದಿಲ್ಲ. ತಲೆ ಸುತ್ತು, ಮಂಪರು ಬರುತ್ತದೆ, ಜೀಪ್ ಓಡಿಸುವವರು, ಏಣಿ ಹತ್ತುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಇದ್ದಕ್ಕಿದ್ದ ಹಾಗೆ ನಿಲ್ಲಿಸಲೂಬಾರದು.

ಫಿಸಿಯೋಥೆರಪಿ ಅಂದರೆ ಎರಡು ಥರ. ಹೆಸರು ಒಂದೇ ಆದ್ದರಿಂದ ಜನ ಮೋಸ ಹೋಗುತ್ತಾರೆ, ನಾನೂ ಹೋದೆ. ಮೊದಲ ಸಲ ಹೋದ ಕಡೆ ಮಲಗಿಸಿ, ಬೆನ್ನಿಗೆ ತಣ್ಣನೆ ಜೆಲ್ ಹಚ್ಚಿ, ಮಿಷನ್ ಇಟ್ಟು, ಆಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆದರು. ಹತ್ತು ಸಿಟ್ಟಿಂಗ್, ಒಂದಕ್ಕೆ 300 ರೂಪಾಯಿ. ಚೆನ್ನಾಗಿತ್ತು, ಬಸ್ ಸ್ಟ್ಯಾಂಡ್ ತಲುಪುವವರೆಗೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಅಂತಲೇ ಒಂದು ಮಾರ್ಗಸೂಚಿ ತಂದಿದೆ. ಅದರಲ್ಲಿ ಹೀಗೆ ಎಳೆಯುವುದು, ಅಲ್ಟ್ರಾಸೌಂಡ್ ಮಿಷನ್, ಕರೆಂಟಿನ ಟೆನ್ಸ್ ಮಿಷನ್, ಸೊಂಟದ ಬೆಲ್ಟ್ ಇವನ್ನೆಲ್ಲ ಸಾಮಾನ್ಯವಾಗಿ ಬೇಡ ಅಂದಿದೆ. ವ್ಯಾಯಾಮ, ನೋವಿನ ಬಗ್ಗೆ ತಿಳುವಳಿಕೆ, ಮಸಾಜ್, ಮನಸ್ಸಿನ ಕಡೆಯ ಚಿಕಿತ್ಸೆ ಇವು ಬೇಕಾದವುಗಳ ಪಟ್ಟಿಯಲ್ಲಿವೆ.

ಎರಡನೇ ಸಲ ಸಿಕ್ಕ ಫಿಸಿಯೋ ಹುಡುಗಿಯ ರೂಮಿನಲ್ಲಿ ಮಿಷನ್ನೇ ಇರಲಿಲ್ಲ. ನನಗೆ ಬೇಜಾರೇ ಆಯಿತು. "ಆಂಟಿ, ಮನೇಲಿ ಯಾವ ಕೆಲಸ ಮಾಡಕ್ಕಾಗ್ತಿಲ್ಲ?" ಅಂತ ಕೇಳಿದಳು. ಗಿಡದ ಕೆಳಗಿನ ರೆಂಬೆಯ ಹಣ್ಣು ಕುಯ್ಯಲು ಬಗ್ಗಲಾಗುವುದಿಲ್ಲ, ಬಿಂದಿಗೆ ಎತ್ತಲಾಗುವುದಿಲ್ಲ ಅಂದೆ. ಮೂಲೆಯಲ್ಲಿದ್ದ ಪೊರಕೆ ಕೋಲು ತಂದು ನನ್ನ ಬೆನ್ನಿಗೆ ಉದ್ದಕ್ಕೆ ಹಿಡಿದಳು. ತಲೆ, ಬೆನ್ನು, ಕುಂಡಿ ಮೂರೂ ಕೋಲಿಗೆ ತಾಗಿರಬೇಕು, ಹಾಗೇ ಇಟ್ಟುಕೊಂಡು ತೊಡೆಯ ಸಂದಿಯಿಂದ ಬಗ್ಗಬೇಕು. ನಾಲ್ಕು ಸಲಕ್ಕೆ ನನ್ನ ತೊಡೆ ನಡುಗಿತು. ಒಂದು ವಾರ ಬರೀ ಕೋಲು. ಆಮೇಲೆ ಎರಡು ಕೆಜಿ ಅಕ್ಕಿ ಚೀಲ, ಆಮೇಲೆ ಐದು. "ನೋವಾಗುತ್ತೆ, ಮಾರನೇ ದಿನಕ್ಕೆ ಇಳಿದರೆ ಭಯ ಬೇಡ, ಎರಡು ದಿನ ಇದ್ದರೆ ಭಾರ ಕಡಿಮೆ ಮಾಡಿ" ಅಂದಿದ್ದಳು. ಅಲ್ಲಿಯವರೆಗೆ ಎಲ್ಲರೂ ನನಗೆ "ಬಗ್ಗಬೇಡಿ" ಅಂದವರೇ. ಬಗ್ಗದೆ ತೋಟದಲ್ಲಿ ಬದುಕುವುದು ಹೇಗೆ ಅಂತ ಒಬ್ಬರೂ ಹೇಳಿರಲಿಲ್ಲ!

ಮೂರು ತಿಂಗಳಲ್ಲಿ ಆರು ಸಲ ಹೋದೆ, ಒಂದಕ್ಕೆ 400. ಒಟ್ಟು 2,400, ಮಿಷನ್ನಿಗಿಂತ 600 ಕಡಿಮೆ, ಹೋದ ದಿನಗಳೂ ಕಡಿಮೆ. ಕಷ್ಟ ಏನೆಂದರೆ ಮನೆಯಲ್ಲಿ ದಿನಾ ನಾವೇ ಮಾಡಬೇಕು, ಮೊದಲ ಮೂರು ವಾರ ಏನೂ ಗೊತ್ತಾಗುವುದಿಲ್ಲ, ಅಲ್ಲೇ ಮುಕ್ಕಾಲು ಜನ ಬಿಡುತ್ತಾರೆ ಅಂತ ಅವಳೇ ಹೇಳಿದಳು. ಹಾಗಾಗಿ ಫಿಸಿಯೋ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: "ಮನೆಗೆ ಏನು ಕೊಡ್ತೀರಿ?" ಉತ್ತರ ಇಲ್ಲದಿದ್ದರೆ ಬೇರೆ ಕಡೆ ನೋಡಿ. ಹಾಸನದಲ್ಲಿ ಹಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ದುಡ್ಡಿನ ತಾಪತ್ರಯ ಇದ್ದವರು ಅಲ್ಲಿ ವಿಚಾರಿಸಬಹುದು. ಕ್ಯೂ ಇರುತ್ತದೆ, ಒಂದು ಇಡೀ ದಿನ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹೆಂಗಸರಿಗೆ 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ ಆದ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಗಿದೆ. ನನ್ನ ಆರು ಸಲದ ಓಡಾಟಕ್ಕೆ ಟಿಕೆಟ್ ಖರ್ಚು ಸೊನ್ನೆ.

ಫಿಸಿಯೋಗೂ ಹೋಗಲಾಗದವರಿಗೆ ನಡಿಗೆ. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಆಗಷ್ಟೇ ಸುಧಾರಿಸಿದ 701 ಜನರ ಮೇಲೆ ಒಂದು ಪ್ರಯೋಗ ಆಯಿತು. ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ನಡೆದವರ ಗುಂಪಿಗೆ ನೋವು ಮರುಕಳಿಸಲು ಸುಮಾರು 208 ದಿನ ಹಿಡಿಯಿತು, ನಡೆಯದವರ ಗುಂಪಿಗೆ 112. ತೋಟದಲ್ಲಿ ದಿನವಿಡೀ ಓಡಾಡುತ್ತೇವಲ್ಲ ಅನ್ನಬೇಡಿ, ನಿಂತು ನಿಂತು ಕುಯ್ಯುವುದು ಬೇರೆ, ಕೈ ಬೀಸಿ ಅರ್ಧ ಗಂಟೆ ನಡೆಯುವುದು ಬೇರೆ. ಯೋಗವೂ ಸಾಕಷ್ಟು ಜನಕ್ಕೆ ಆಗಿಬರುತ್ತದೆ. ಟಿವಿ ನೋಡಿ ಮೊದಲ ದಿನವೇ ಪಾದ ಹಿಡಿಯಲು ಹೋಗದೆ ಗೊತ್ತಿರುವವರ ಹತ್ತಿರ ಕಲಿತರೆ ಸಾಕು.

ಆಯುರ್ವೇದದ ಬಗ್ಗೆ ನನಗೆ ಎರಡು ಮನಸ್ಸಿದೆ. ಹಾಸನದ ತಣ್ಣೀರುಹಳ್ಳದಲ್ಲಿ ಎಸ್‌ಡಿಎಂ ಆಯುರ್ವೇದ ಕಾಲೇಜು, ಆಸ್ಪತ್ರೆ ಇರುವುದರಿಂದ ನಮ್ಮ ಎರಡು ಜಿಲ್ಲೆಯವರಿಗೆ ಕಲಿತ ವೈದ್ಯರು ದೂರವಿಲ್ಲ. ನಾನು ಹೋಗಿದ್ದು ಬೇರೆ ಕಡೆ. ಕಟಿಬಸ್ತಿ ಮಾಡಿದರು: ಕವುಚಿ ಮಲಗಿಸಿ, ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ತುಂಬಿಸುತ್ತಾರೆ. ಆರಿದ ಹಾಗೆ ತೆಗೆದು ಮತ್ತೆ ಬಿಸಿ ಎಣ್ಣೆ ಹಾಕುತ್ತಾರೆ. ಅರ್ಧ ಗಂಟೆ. ಅಷ್ಟು ಸುಖವಾದ ಅರ್ಧ ಗಂಟೆ ನನ್ನ ಏಳು ವರ್ಷದಲ್ಲಿ ಬೇರೆ ಇಲ್ಲ. ಹದಿನಾಲ್ಕು ದಿನ ಮಲಗಿ ಬಂದೆ, ಒಂದೂವರೆ ತಿಂಗಳು ಚೆನ್ನಾಗಿದ್ದೆ, ಮತ್ತೆ ಬಂತು. ಗುಣ ಎಷ್ಟು ಎಣ್ಣೆಯದು, ಎಷ್ಟು ಹದಿನಾಲ್ಕು ದಿನ ಅಡಿಗೆ ಮಾಡದೆ ಇದ್ದದ್ದರದು ಅಂತ ನನಗೆ ಈಗಲೂ ಬಿಡಿಸಿ ಹೇಳಲಾಗುವುದಿಲ್ಲ. ಎರಡು ವಾರ ಬಿಡುವು ಸಿಗುವವರಿಗೆ, ಮೈ ಪೂರ್ತಿ ಸೆಟೆದು ವ್ಯಾಯಾಮ ಶುರು ಮಾಡಲೇ ಆಗದವರಿಗೆ ಒಳ್ಳೆಯ ಆರಂಭ. ದಿನಗೂಲಿಯವರಿಗೆ ಚಿಕಿತ್ಸೆಗಿಂತ ಹದಿನಾಲ್ಕು ದಿನದ ಕೂಲಿಯೇ ದುಬಾರಿ ಬೀಳುತ್ತದೆ. ಒಳಗೆ ತೆಗೆದುಕೊಳ್ಳುವ ಔಷಧಿಗೆ ಹೆಸರು, ಬಿಲ್ಲು ಕೇಳಿ, ಭಸ್ಮ, ರಸೌಷಧಿ (ಲೋಹ, ಪಾದರಸ ಸೇರುವಂಥವು) ಇದ್ದರೆ ಎಷ್ಟು ದಿನಕ್ಕೆ ಅಂತ ಕೇಳಿ, ಇಂಗ್ಲಿಷ್ ಮಾತ್ರೆ ತಿನ್ನುತ್ತಿದ್ದರೆ ಇಬ್ಬರಿಗೂ ಹೇಳಿ.

ನಾಟಿ ಔಷಧಿಯನ್ನೂ ಆಯುರ್ವೇದದ ಲೆಕ್ಕಕ್ಕೆ ಸೇರಿಸಬೇಡಿ. ಎಣ್ಣೆ ನೀವಿ ಶಾಖ ಕೊಡುವ ಅಜ್ಜಿಯಂದಿರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳುವುದು ಹೆಸರಿಲ್ಲದ ಪೊಟ್ಟಣದ ಪುಡಿಯ ಬಗ್ಗೆ. ಒಬ್ಬರು ಕೊಟ್ಟ ಕಂದು ಪುಡಿ ತಿಂದು ಮೂರೇ ದಿನಕ್ಕೆ ನನ್ನ ನೋವು ಹಾರಿಹೋಯಿತು. ಊರಿಗೆಲ್ಲ ಹೇಳಿಕೊಂಡು ಬಂದೆ. ಎರಡು ತಿಂಗಳಿಗೆ ಮುಖ ಕುಂಬಳಕಾಯಿ, ಶುಗರ್ ಏರಿತು. ಡಾಕ್ಟರ್ ಮುಖ ನೋಡಿಯೇ ಸ್ಟೀರಾಯ್ಡ್ ಬೆರೆತಿರಬೇಕು ಅಂದರು. ಮೂರು ದಿನದಲ್ಲಿ ಪವಾಡ ಆದರೆ ಅನುಮಾನ ಪಡಿ. ನೀವು ಈಗಾಗಲೇ ಅಂಥದ್ದನ್ನು ತಿಂಗಳುಗಟ್ಟಲೆ ತಿನ್ನುತ್ತಿದ್ದರೆ ಇವತ್ತೇ ನಿಲ್ಲಿಸಲೂ ಹೋಗಬೇಡಿ, ಸ್ಟೀರಾಯ್ಡ್ ಥಟ್ಟನೆ ನಿಂತರೆ ಜೀವಕ್ಕೇ ಅಪಾಯ. ಪೊಟ್ಟಣ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ.

ಬೆನ್ನಿಗೆ ಕೊಡುವ ಇಂಜೆಕ್ಷನ್ ಕಾಲಿಗೆ ಇಳಿದ ನೋವಿಗೆ ಒಂದಷ್ಟು ಜನರಿಗೆ ಕೆಲವು ವಾರ ಆರಾಮ ಕೊಡುತ್ತದೆ. ಬರೀ ಸೊಂಟದ ನೋವಿಗೆ ಅಷ್ಟಿಲ್ಲ. ಇದಕ್ಕೆ ಬೆಂಗಳೂರೋ ಮಂಗಳೂರೋ ಅಂತ ಹೋಗುವವರು ಆ ಆರಾಮದ ವಾರಗಳಲ್ಲಿ ವ್ಯಾಯಾಮ ಶುರು ಮಾಡದಿದ್ದರೆ ದುಡ್ಡು ಹೊಳೆಗೆ. ಮೂರು ಇಂಜೆಕ್ಷನ್ ಪ್ಯಾಕೇಜ್ ಅಂದರೆ "ಒಂದು ಕೊಡಿ, ನೋಡಿ ಆಮೇಲೆ ಹೇಳ್ತೀನಿ" ಅನ್ನಿ. ಶುಗರ್ ಇದ್ದವರಿಗೆ ಕೆಲವು ದಿನ ಏರುತ್ತದೆ.

ಆಪರೇಷನ್. ನನಗೆ ಒಂದು ಕಡೆ "ಈ ವಾರವೇ ಮಾಡಿಸದಿದ್ದರೆ ಕಾಲು ಹೋಗುತ್ತೆ" ಅಂದರು. ಇನ್ನೊಬ್ಬ ಡಾಕ್ಟರ್ ಹತ್ತೇ ನಿಮಿಷ ನನ್ನ ಪಾದ ಒತ್ತಿಸಿ, ಎತ್ತಿಸಿ, ಹಿಮ್ಮಡಿಯಲ್ಲಿ ನಡೆಸಿ ನೋಡಿ "ಶಕ್ತಿ ಚೆನ್ನಾಗಿದೆ, ಏನೂ ಅರ್ಜೆಂಟ್ ಇಲ್ಲ" ಅಂದರು. ಕಾಲು ಇನ್ನೂ ಇದೆ. ಹಾಗಂತ ಆಪರೇಷನ್ನೇ ಕೆಟ್ಟದ್ದು ಅನ್ನುವುದೂ ತಪ್ಪು. ಡಿಸ್ಕ್ ಜಾರಿ ನರ ಒತ್ತಿ ಕಾಲು ನೋವು ತಡೆಯಲಾಗದಿದ್ದರೆ ಆಪರೇಷನ್ ಬೇಗ ಆರಾಮ ಕೊಡುತ್ತದೆ. ಮಾಡಿಸಿಕೊಳ್ಳದವರೂ ಬಹಳಷ್ಟು ಜನ ನಿಧಾನಕ್ಕೆ ಸುಧಾರಿಸುತ್ತಾರೆ, ಒಂದು ವರ್ಷ ಆಗುವಷ್ಟರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ಅಂದರೆ ನೀವು ದುಡ್ಡು ಮತ್ತು ಅಪಾಯ ಕೊಟ್ಟು ಕೊಳ್ಳುತ್ತಿರುವುದು ಕೆಲವು ತಿಂಗಳನ್ನು. ಆ ತಿಂಗಳುಗಳು ಕೆಲವರಿಗೆ ನಿಜವಾಗಿಯೂ ಬೇಕು. ಬರೀ ಸೊಂಟ ನೋವಿದ್ದು ಕಾಲಿಗೆ ಇಳಿಯದಿದ್ದರೆ ನಾನಂತೂ ಎರಡನೇ ಡಾಕ್ಟರನ್ನು ಕೇಳದೆ ಸಹಿ ಹಾಕುವುದಿಲ್ಲ.

ಇಲ್ಲಿ ಒಂದು ವಕ್ರ ಇದೆ. ಆಯುಷ್ಮಾನ್ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಂತ ಇರುವುದು ಅಡ್ಮಿಟ್ ಆಗುವ ಚಿಕಿತ್ಸೆಗೆ. ಫಿಸಿಯೋಗೆ ಕೊಡುವ 400ಕ್ಕೆ, ಮಾತ್ರೆಗೆ ಅದು ಬರುವುದಿಲ್ಲ. ಹಾಗಾಗಿ ಬಡವರಿಗೆ ದೊಡ್ಡ ಚಿಕಿತ್ಸೆ ಬಿಟ್ಟಿ, ಸಣ್ಣ ಚಿಕಿತ್ಸೆ ಕೈಯಿಂದ. "ಕಾರ್ಡ್ ಇದೆಯಲ್ಲ, ಮಾಡಿಸಿಬಿಡೋಣ" ಅನ್ನುವ ಮಾತು ಲೈನ್ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಕಾರ್ಡು ಮುಂದಿನ ವರ್ಷವೂ ಇರುತ್ತದೆ, ಅವಸರ ಬೇಡ.

ಬೆಲ್ಟು, ಎಂಟು ಸಾವಿರದ ಹಾಸಿಗೆ, ಅಯಸ್ಕಾಂತದ ಚಪ್ಪಲಿ: ಬೇಡ. ಬಿಸಿನೀರಿನ ಚೀಲ ಅಗ್ಗ, ಬೇಕು. ಮೆಣಸಿನಕಾಯಿಯ ಖಾರದಿಂದ ಮಾಡಿದ ಮುಲಾಮನ್ನು ಆ 2023ರ ಮಾರ್ಗಸೂಚಿಯೂ ಒಪ್ಪಿದೆ, ಅಂಗಡಿಯದ್ದೇ ತನ್ನಿ, ಬ್ಯಾಡಗಿ ಅರೆದು ಹಚ್ಚಿಕೊಳ್ಳಬೇಡಿ. ಇನ್ನು ನಿದ್ದೆ ಕೆಟ್ಟು, ಯಾರ ಮೇಲೂ ರೇಗುವ ಹಾಗೆ ಆಗಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ. ನೋವು "ಮನಸ್ಸಿನದು" ಅಂತ ಅಲ್ಲ, ಏಳು ವರ್ಷ ನೋವು ತಿಂದರೆ ಯಾರ ಮನಸ್ಸೂ ಸವೆಯುತ್ತದೆ.

ಆ ಮೂವರಿಗೆ ನಾನು ಹೇಳಿದ್ದು ಹೀಗೆ. ಮೇಡಂಗೆ ದುಡ್ಡಿದೆ, ದಿನ ಇಲ್ಲ. ಮಿಷನ್ ಫಿಸಿಯೋ ಬಿಟ್ಟು, ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಮನೆಯಲ್ಲಿ ಮಾಡಲು ವ್ಯಾಯಾಮ ಹೇಳಿಕೊಡುವ ಫಿಸಿಯೋ ಹಿಡಿಯಿರಿ, ಬೇಸಿಗೆ ರಜೆಯಲ್ಲಿ ಬೇಕಾದರೆ ಎರಡು ವಾರ ಆಯುರ್ವೇದ. ಟೈಲರ್ ತಂಗಿಗೆ ಯಾವ ಚಿಕಿತ್ಸೆಗಿಂತ ಮೊದಲು ಅರ್ಧ ಗಂಟೆಗೊಮ್ಮೆ ಮಿಷನ್ ಬಿಟ್ಟು ಏಳು ಅಂದೆ, ಆಮೇಲೆ ಕೋಲಿನ ವ್ಯಾಯಾಮ ನಾನೇ ತೋರಿಸಿದೆ. ಮೂರು ತಿಂಗಳು ನೋಡಿ, ರವಿಕೆ ಲೆಕ್ಕ ಏರದಿದ್ದರೆ ಫಿಸಿಯೋ ಹತ್ತಿರ ಹೋಗಲಿ.

ಹುಡುಗನ ಅಪ್ಪನದು ಬೇರೆ. ಬಿದ್ದ ಪೆಟ್ಟು, ಕಾಲಿಗೆ ಇಳಿದಿದೆ, ಈಚೆಗೆ ಬಲಗಾಲಿನ ಚಪ್ಪಲಿ ಜಾರುತ್ತದೆ ಅಂತ ಅವನು ಮಾತಿನ ಮಧ್ಯೆ ಹೇಳಿದ. ಅವರು ಜರಡಿಯಲ್ಲೇ ನಿಲ್ಲುವವರು. ಇವತ್ತೇ ಹೊರಡಿ, ಚಿಕ್ಕಮಗಳೂರಿಗೆ ಮೊದಲು, ಅಲ್ಲಿಂದ ಕಳಿಸಿದರೆ ಹಾಸನಕ್ಕೆ, ಕಾರ್ಡು ಆಧಾರು ಎರಡೂ ಇಟ್ಟುಕೋ ಅಂದೆ. "ಬಸ್ಸಲ್ಲಿ ಹೋಗಬಹುದಾ ಅಕ್ಕ?" ಅಂತ ಕೇಳಿದ. ಎಸ್ಟೇಟ್ ಜೀಪು ಕೇಳು, ಆಗದಿದ್ದರೆ ಬಸ್ಸೇ ಸರಿ, ಆದರೆ ಚಿಕ್ಕಮಗಳೂರಿನಿಂದ ಬೇಲೂರು ದಾಟಿ ಹಾಸನದವರೆಗೇ ಅರವತ್ತು ಕಿಲೋಮೀಟರಿಗೂ ಮೇಲೆ ಆಗುತ್ತದೆ, ಅಪ್ಪನ್ನ ಹಿಂದಿನ ಸೀಟಲ್ಲಿ ಮಾತ್ರ ಕೂರಿಸಬೇಡ, ಒಂದೊಂದು ಹಂಪಿಗೂ ಎತ್ತಿ ಹಾಕುತ್ತೆ ಅಂದೆ.